ರಕ್ತದ ಲೆಕ್ಕ, ಮನುಷ್ಯನ ಹಕ್ಕು: ಜೊನಾಥನ್ ಮ್ಯಾನ್ ತುಳಿದ ಹಾದಿ

ಜೈರ್ ದೇಶದ, ಅಂದರೆ ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ, ರಾಜಧಾನಿ ಕಿನ್ಶಾಸಾದಲ್ಲಿ ಮಾಮಾ ಯೆಮೊ ಎಂಬ ದೊಡ್ಡ ಸರ್ಕಾರಿ ಆಸ್ಪತ್ರೆ ಇತ್ತು. ಸರ್ವಾಧಿಕಾರಿ ಮೊಬುಟು ತನ್ನ ತಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದ. 1984ರಲ್ಲಿ ಆ ಆಸ್ಪತ್ರೆಯ ನೌಕರರ ಪೈಕಿ 2,384 ಮಂದಿಯ ರಕ್ತವನ್ನು ಸಂಶೋಧಕರ ತಂಡವೊಂದು ಸಂಗ್ರಹಿಸಿತು. ವೈದ್ಯರು, ದಾದಿಯರು, ಪ್ರಯೋಗಾಲಯದವರು, ಗುಮಾಸ್ತರು, ಕಸ ಗುಡಿಸುವವರು ಎಲ್ಲರೂ ಅದರಲ್ಲಿದ್ದರು. 152 ಮಂದಿಯ ರಕ್ತದಲ್ಲಿ, ಎಂದರೆ ಶೇ 6.4ರಷ್ಟು ಜನರಲ್ಲಿ, ಏಡ್ಸ್ ವೈರಾಣುವಿನ ಸೋಂಕಿನ ಕುರುಹು ಕಂಡಿತು. ಸಂಖ್ಯೆ ಭಯ ಹುಟ್ಟಿಸುವಂಥದೇ. ಆದರೆ ಅದಕ್ಕಿಂತ ಮುಖ್ಯವಾದುದು ಆ ಸಂಖ್ಯೆಯ ಒಳಗಿತ್ತು. ರೋಗಿಗಳ ಮೈಮುಟ್ಟಿ, ಅವರ ರಕ್ತದಲ್ಲಿ ಕೈಯಾಡಿಸಿ ದುಡಿಯುವವರಲ್ಲೂ ಕಚೇರಿಯ ಕಡತಗಳ ನಡುವೆ ಕುಳಿತವರಲ್ಲೂ ಸೋಂಕಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ರೋಗಿಯ ಆರೈಕೆಯಿಂದ ಈ ರೋಗ ಅಂಟುತ್ತದೆ ಎಂಬ ಭೀತಿಗೆ ಆಧಾರವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಆ ದಿನಗಳಲ್ಲಿ ಬೇರೆ ಇರಲಿಲ್ಲ.

ಆ ತಂಡದ ಮುಖ್ಯಸ್ಥ ಜೊನಾಥನ್ ಮ್ಯಾನ್. ಆಗ ಅವರಿಗೆ 37 ವರ್ಷ. ಎಚ್‌ಐವಿ ಪರೀಕ್ಷೆಯ ಬಗ್ಗೆ ಇಂದು ನಾವು ಸಹಜವೆಂದು ಭಾವಿಸಿರುವ ಅನೇಕ ನಿಯಮಗಳ ಹಿಂದೆ ಈ ಮನುಷ್ಯನ ಹಟವಿದೆ: ಒಪ್ಪಿಗೆಯಿಲ್ಲದೆ ಪರೀಕ್ಷೆ ಕೂಡದು, ಫಲಿತಾಂಶ ಗೋಪ್ಯವಾಗಿರಬೇಕು, ಪರೀಕ್ಷೆಗೆ ಮುನ್ನವೂ ನಂತರವೂ ಆಪ್ತ ಸಮಾಲೋಚನೆ ನಡೆಯಬೇಕು. ಅವರ ಹೆಸರು ಮಾತ್ರ ವೈದ್ಯಕೀಯ ವಲಯದಾಚೆಗೆ ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಮ್ಯಾನ್ ಹುಟ್ಟಿದ್ದು 1947ರ ಜುಲೈ 30ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಹಾರ್ವರ್ಡ್‌ನಲ್ಲಿ ಪದವಿ, ನಡುವೆ ಒಂದು ವರ್ಷ ಪ್ಯಾರಿಸ್‌ನಲ್ಲಿ ರಾಜ್ಯಶಾಸ್ತ್ರದ ಅಧ್ಯಯನ, ಬಳಿಕ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ 1974ರಲ್ಲಿ ವೈದ್ಯ ಪದವಿ. ಮರುವರ್ಷವೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅವರನ್ನು ನ್ಯೂ ಮೆಕ್ಸಿಕೊ ರಾಜ್ಯಕ್ಕೆ ಕಳುಹಿಸಿತು. ಅಲ್ಲಿ ಅವರು ಸಾಂಕ್ರಾಮಿಕ ರೋಗಶಾಸ್ತ್ರಜ್ಞರಾಗಿ ಸುಮಾರು ಒಂಬತ್ತು ವರ್ಷ ಕೆಲಸ ಮಾಡಿದರು. ಇಲಿ, ಅಳಿಲುಗಳಿಂದ ಹರಡುವ ಪ್ಲೇಗ್ ಅಲ್ಲಿ ಇನ್ನೂ ಪೂರ್ತಿ ಅಳಿದಿರಲಿಲ್ಲ. ಮನೆಮನೆಗೆ ಹೋಗಿ ರೋಗದ ಜಾಡು ಹಿಡಿಯುವುದು, ಲೆಕ್ಕ ಇಡುವುದು, ವರದಿ ಬರೆಯುವುದು, ಹೀಗೆ ಹೆಸರು ತರದ ದುಡಿಮೆ ಅದು. ಮುಂದೆ ಅವರ ಮಾತಿಗೆ ಬಂದ ತೂಕದ ಬೇರು ಇಲ್ಲಿದೆ ಎನ್ನಬೇಕು. ಹಕ್ಕುಗಳ ಬಗ್ಗೆ ಮಾತನಾಡುವವರಿಗೆ ಅಂಕಿಅಂಶ ಗೊತ್ತಿಲ್ಲ, ಅಂಕಿಅಂಶ ಬಲ್ಲವರಿಗೆ ಹಕ್ಕುಗಳ ಪರಿವೆಯಿಲ್ಲ ಎಂಬ ದೂರು ಅವರ ವಿಷಯದಲ್ಲಿ ಸಲ್ಲುತ್ತಿರಲಿಲ್ಲ.

1983ರ ಅಕ್ಟೋಬರ್‌ನಲ್ಲಿ ಅಮೆರಿಕ ಮತ್ತು ಬೆಲ್ಜಿಯಂನ ವೈದ್ಯರ ತಂಡವೊಂದು ಕಿನ್ಶಾಸಾಕ್ಕೆ ಹೋಗಿ, ಮೂರೇ ವಾರಗಳಲ್ಲಿ 38 ಏಡ್ಸ್ ರೋಗಿಗಳನ್ನು ಗುರುತಿಸಿತ್ತು. ಅವರಲ್ಲಿ ಗಂಡಸರು 20, ಹೆಂಗಸರು 18. ಸಲಿಂಗಕಾಮಿ ಪುರುಷರಿಗೆ ಮಾತ್ರ ಬರುವ ಕಾಯಿಲೆ ಎಂದು ಪಶ್ಚಿಮ ಜಗತ್ತು ನಂಬಿ ಕುಳಿತಿದ್ದ ಕಾಲದಲ್ಲಿ ಈ ಸಮಸಂಖ್ಯೆಯೇ ಒಂದು ಆಘಾತವಾಗಿತ್ತು. ಇದನ್ನು ಆಳವಾಗಿ ಅಭ್ಯಸಿಸಲು ಆರಂಭವಾದದ್ದೇ ‘ಪ್ರೊಜೆ ಸಿಡಾ’ ಎಂಬ ಯೋಜನೆ. ಫ್ರೆಂಚ್ ಭಾಷೆ ಚೆನ್ನಾಗಿ ಬಲ್ಲ, ಫ್ರೆಂಚ್ ಮಡದಿಯಿದ್ದ ಮ್ಯಾನ್ 1984ರಲ್ಲಿ ಸಂಸಾರ ಸಮೇತ ಕಿನ್ಶಾಸಾಕ್ಕೆ ಬಂದಿಳಿದರು. ಮಾಮಾ ಯೆಮೊ ಆಸ್ಪತ್ರೆಯ ಹಿರಿಯ ವೈದ್ಯ ಬಿಲಾ ಕಪಿತಾ ಅವರ ಹೆಗಲೆಣೆಯಾದರು. ಆ ರೋಗದ ಸುದ್ದಿಯೇ ಹೊರಗೆ ಹೋಗಬಾರದೆಂದು ಜೈರ್ ಸರ್ಕಾರ ಬಯಸುತ್ತಿದ್ದ ದಿನಗಳು ಅವು ಎಂಬುದನ್ನು ನೆನೆದರೆ ಕಪಿತಾ ಅವರ ಧೈರ್ಯ ಅರ್ಥವಾದೀತು.

ಅಲ್ಲಿ ಎರಡು ವರ್ಷಗಳಲ್ಲಿ ನಡೆದ ಅಧ್ಯಯನಗಳ ಸರಣಿ ಇಂದಿಗೂ ಓದಲು ಯೋಗ್ಯವಾಗಿದೆ. ರೋಗಿಗಳ ಮನೆಯವರ ರಕ್ತವನ್ನು ಪರೀಕ್ಷಿಸಿದಾಗ ಗಂಡ ಅಥವಾ ಹೆಂಡತಿಯಲ್ಲಿ ಸೋಂಕು ಬಹಳ ಹೆಚ್ಚಾಗಿತ್ತು. ಆದರೆ ಒಂದೇ ಸೂರಿನಡಿ ಉಂಡು ಮಲಗುವ ಇತರರಿಗೆ ಸಹವಾಸ ಮಾತ್ರದಿಂದ ಅದು ಅಂಟಿದ್ದಕ್ಕೆ ಪುರಾವೆ ಸಿಗಲಿಲ್ಲ. ತಾಯಂದಿರಲ್ಲಿ ಸೋಂಕಿಲ್ಲದಿದ್ದರೂ ಕೆಲವು ಎಳೆಯ ಮಕ್ಕಳಲ್ಲಿ ಅದು ಇತ್ತು. ಆ ಮಕ್ಕಳು ಹೆಚ್ಚು ಚುಚ್ಚುಮದ್ದು ಪಡೆದಿದ್ದರು. ಮಲೇರಿಯಾದಿಂದ ರಕ್ತಹೀನರಾದ ಮಕ್ಕಳಿಗೆ ಜೀವ ಉಳಿಸಲೆಂದು ಕೊಟ್ಟ ರಕ್ತವೇ ಅವರಿಗೆ ಮುಳುವಾಗುತ್ತಿತ್ತು ಎಂಬುದು ಅದೇ ಯೋಜನೆಯ ಮುಂದಿನ ಅಧ್ಯಯನಗಳಿಂದ ಖಚಿತವಾಯಿತು. (ಇದೇ ದೇಶದ ಯಾಂಬುಕು ಎಂಬ ಹಳ್ಳಿಯ ಆಸ್ಪತ್ರೆಯಲ್ಲಿ 1976ರಲ್ಲಿ ದಿನಕ್ಕೆ ಐದೇ ಸಿರಿಂಜುಗಳನ್ನು ನೂರಾರು ರೋಗಿಗಳಿಗೆ ಬಳಸಿದ್ದರಿಂದ ಎಬೋಲಾ ಹರಡಿತ್ತು. ಬಡ ಆಸ್ಪತ್ರೆಯ ಸೂಜಿ ಮಾಡುವ ಕೇಡಿಗೆ ಅಲ್ಲಿ ಹಳೆಯ ಇತಿಹಾಸವಿದೆ.) ನಗರದ ಲೈಂಗಿಕ ಕಾರ್ಯಕರ್ತೆಯರಲ್ಲಿ ಸೋಂಕಿನ ಪ್ರಮಾಣ ಸುಮಾರು ಶೇ 27 ಎಂದು ಕಂಡುಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೆನ್ಯಾದ ನೈರೋಬಿಯಲ್ಲಿ ಬೇರೊಂದು ತಂಡ ಇಂಥದೇ ಪರೀಕ್ಷೆ ನಡೆಸಿತ್ತು. ಅಲ್ಲಿ ಬಡ ಬಡಾವಣೆಗಳಲ್ಲಿ ಈ ವೃತ್ತಿಯಲ್ಲಿದ್ದ ಹೆಂಗಸರ ಪೈಕಿ ಶೇ 66 ಮಂದಿಗೆ ಸೋಂಕಿತ್ತು. ಸ್ವಲ್ಪ ಅನುಕೂಲಸ್ಥ ಗಿರಾಕಿಗಳಿದ್ದವರಲ್ಲಿ ಅದು ಶೇ 31. ಒಂದೇ ಊರು, ಒಂದೇ ಕಸುಬು, ಆದರೂ ಬಡತನ ಸೋಂಕನ್ನು ಇಮ್ಮಡಿಗೊಳಿಸಿತ್ತು. ಅಪಾಯದ ಗುಂಪು ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಎಷ್ಟೊಂದು ಬಗೆಯ ಬದುಕುಗಳಿರುತ್ತವೆ ಎಂಬುದನ್ನು ತೋರಿಸಲು ಈ ಎರಡು ಅಂಕಿಗಳು ಸಾಕು.

1986ರ ಜೂನ್‌ನಲ್ಲಿ ಮ್ಯಾನ್ ಜಿನೀವಾಕ್ಕೆ ಬಂದರು. ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕ ಹಾಫ್‌ಡನ್ ಮಾಹ್ಲರ್ ಅಲ್ಲಿಯವರೆಗೆ ಏಡ್ಸ್ ಅನ್ನು ಬಡ ದೇಶಗಳ ತುರ್ತು ಸಮಸ್ಯೆಯೆಂದು ಎಣಿಸಿರಲಿಲ್ಲ. ಅದೇ ವರ್ಷದ ಕೊನೆಗೆ ಅವರು ತಮ್ಮ ಅಂದಾಜು ತಪ್ಪಾಗಿತ್ತೆಂದು ಬಹಿರಂಗವಾಗಿಯೇ ಹೇಳಿದರು. ದೊಡ್ಡ ಹುದ್ದೆಯಲ್ಲಿರುವವರಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. ಒಂದು ಪುಟ್ಟ ಕೋಣೆ, ಒಬ್ಬ ಕಾರ್ಯದರ್ಶಿ, ಇಷ್ಟರಿಂದ ಆರಂಭಿಸಿದ ಮ್ಯಾನ್ ನಾಲ್ಕೇ ವರ್ಷಗಳಲ್ಲಿ ಜಾಗತಿಕ ಏಡ್ಸ್ ಕಾರ್ಯಕ್ರಮವನ್ನು ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯ, ವರ್ಷಕ್ಕೆ 10 ಕೋಟಿ ಡಾಲರಿನ ಆಸುಪಾಸಿನ ಆಯವ್ಯಯದ ಘಟಕವಾಗಿ ಬೆಳೆಸಿದರು. 1987ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಏಡ್ಸ್ ಕುರಿತು ಚರ್ಚಿಸಿತು. ಒಂದು ರೋಗದ ಬಗ್ಗೆ ಆ ಸಭೆ ಚರ್ಚಿಸಿದ್ದು ಅದೇ ಮೊದಲು. ಅಲ್ಲಿ ಮ್ಯಾನ್ ಮೂರು ಪಿಡುಗುಗಳ ಮಾತೆತ್ತಿದರು. ಮೊದಲನೆಯದು ಸದ್ದಿಲ್ಲದೆ ಹಬ್ಬುವ ಸೋಂಕು. ವರ್ಷಗಳ ನಂತರ ಅದರ ಬೆನ್ನಲ್ಲೇ ಬರುವ ಕಾಯಿಲೆ ಎರಡನೆಯದು. ಸಮಾಜದ ಕಳಂಕ, ನಿರಾಕರಣೆ, ಬಹಿಷ್ಕಾರಗಳು ಮೂರನೆಯದು. ಮೂರನೆಯದು ಮೊದಲೆರಡರಷ್ಟೇ ನಿಜವಾದ ಪಿಡುಗು ಎಂಬುದು ಅವರ ವಾದವಾಗಿತ್ತು.

ಆಗಿನ ವಾತಾವರಣ ಹೇಗಿತ್ತೆಂಬುದನ್ನು ತಿಳಿಯದೆ ಈ ವಾದದ ಮಹತ್ವ ತಿಳಿಯದು. ರಕ್ತದಲ್ಲಿನ ಪ್ರತಿಕಾಯಗಳನ್ನು ಪತ್ತೆಹಚ್ಚುವ ಎಲೈಸಾ ಪರೀಕ್ಷೆಗೆ 1985ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತ್ತು. ರಕ್ತನಿಧಿಗಳಿಗೆ ಅದು ವರವಾಯಿತು. ಆದರೆ ಕೈಯಲ್ಲಿ ಸುತ್ತಿಗೆಯಿದ್ದವನಿಗೆ ಎಲ್ಲವೂ ಮೊಳೆಯಾಗಿಯೇ ಕಾಣುವಂತೆ, ಸರ್ಕಾರಗಳಿಗೆ ಎಲ್ಲೆಲ್ಲೂ ಪರೀಕ್ಷೆ ನಡೆಸುವ ಹಂಬಲ ಹುಟ್ಟಿತು. ಗಡಿ ದಾಟುವವರಿಗೆ, ಕೈದಿಗಳಿಗೆ, ಲೈಂಗಿಕ ಕಾರ್ಯಕರ್ತೆಯರಿಗೆ, ವಿದೇಶಿ ವಿದ್ಯಾರ್ಥಿಗಳಿಗೆ, ಮದುವೆಯಾಗಹೊರಟವರಿಗೆ ಪರೀಕ್ಷೆ ಕಡ್ಡಾಯವಾಗಬೇಕೆಂಬ ಕೂಗೆದ್ದಿತು. ಕ್ಯೂಬಾ 1986ರಿಂದ ತನ್ನ ಜನರನ್ನು ವ್ಯಾಪಕವಾಗಿ ಪರೀಕ್ಷಿಸಿ, ಸೋಂಕಿತರನ್ನು ಆರೋಗ್ಯಧಾಮಗಳಲ್ಲಿ ಕೂಡಿಹಾಕಿತು. ಅಮೆರಿಕ 1987ರಲ್ಲಿ ಸೋಂಕಿತ ವಿದೇಶಿಯರಿಗೆ ಬಾಗಿಲು ಮುಚ್ಚಿತು. 1989ರಲ್ಲಿ ಏಡ್ಸ್ ಸಮ್ಮೇಳನವೊಂದಕ್ಕೆ ಹೊರಟಿದ್ದ ಡಚ್ ಆರೋಗ್ಯ ಕಾರ್ಯಕರ್ತನ ಚೀಲದಲ್ಲಿ ಔಷಧಿ ಕಂಡದ್ದೇ ತಡ, ಅಧಿಕಾರಿಗಳು ಅವನನ್ನು ಬಂಧಿಸಿದ್ದರು.

ಕಡ್ಡಾಯ ಪರೀಕ್ಷೆಯ ತೊಡಕು ನೀತಿಯದು ಮಾತ್ರವಲ್ಲ, ಗಣಿತದ್ದೂ ಹೌದು. ಸೋಂಕಿಲ್ಲದ ಸಾವಿರ ಮಂದಿಯಲ್ಲಿ 995 ಮಂದಿಗೆ ಸೋಂಕಿಲ್ಲವೆಂದೇ ಸರಿಯಾಗಿ ಹೇಳುವ ಪರೀಕ್ಷೆಯೊಂದಿದೆ ಎಂದುಕೊಳ್ಳೋಣ. ಮೇಲುನೋಟಕ್ಕೆ ಬಹಳ ಒಳ್ಳೆಯ ಪರೀಕ್ಷೆ. ಹತ್ತು ಸಾವಿರಕ್ಕೆ ಒಬ್ಬರಿಗೆ ಮಾತ್ರ ಸೋಂಕಿರುವ ಊರಿನಲ್ಲಿ ಒಂದು ಲಕ್ಷ ಜನರಿಗೆ ಅದನ್ನು ಮಾಡಿದರೆ ನಿಜವಾದ ಸೋಂಕಿತರು ಹತ್ತು ಮಂದಿ ಸಿಗುತ್ತಾರೆ. ಜೊತೆಗೆ ಸೋಂಕೇ ಇಲ್ಲದ ಸುಮಾರು ಐನೂರು ಮಂದಿಗೂ ಸೋಂಕಿದೆಯೆಂಬ ಚೀಟಿ ಬರುತ್ತದೆ. ಅದೇ ಪರೀಕ್ಷೆಯನ್ನು ಶೇ 30ರಷ್ಟು ಸೋಂಕಿರುವ ಸಾವಿರ ಜನರ ಗುಂಪಿನಲ್ಲಿ ನಡೆಸಿದರೆ ಮುನ್ನೂರು ನಿಜ ಸೋಂಕಿತರ ಎದುರು ಸುಳ್ಳು ಫಲಿತಾಂಶ ಮೂರೋ ನಾಲ್ಕೋ. ಆದ್ದರಿಂದಲೇ ವೆಸ್ಟರ್ನ್ ಬ್ಲಾಟ್‌ನಂಥ ದೃಢೀಕರಣ ಪರೀಕ್ಷೆಯಿಲ್ಲದೆ ಯಾರಿಗೂ ಫಲಿತಾಂಶ ಹೇಳಬಾರದೆಂಬ ನಿಯಮ ಬಂದದ್ದು. ಸೋಂಕು ತಗುಲಿದ ಆರಂಭದ ವಾರಗಳಲ್ಲಿ ಪ್ರತಿಕಾಯಗಳು ಮೂಡಿರುವುದಿಲ್ಲ. ಹಾಗಾಗಿ ಸೋಂಕಿಲ್ಲವೆಂಬ ಚೀಟಿಯೂ ಪೂರ್ಣ ಅಭಯವಲ್ಲ.

ಅಮೆರಿಕದ ಇಲಿನಾಯ್ ರಾಜ್ಯ ಈ ಲೆಕ್ಕವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1988ರ ಜನವರಿಯಿಂದ ಅಲ್ಲಿ ಮದುವೆಯ ಪರವಾನಗಿಗೆ ಎಚ್‌ಐವಿ ಪರೀಕ್ಷೆ ಕಡ್ಡಾಯವಾಯಿತು. ಮೊದಲ ಆರು ತಿಂಗಳಲ್ಲಿ ಪರೀಕ್ಷೆಗೊಳಗಾದವರು 70,846 ಮಂದಿ. ಸೋಂಕು ಪತ್ತೆಯಾದದ್ದು ಎಂಟು ಮಂದಿಯಲ್ಲಿ. ಒಬ್ಬೊಬ್ಬರನ್ನು ಪತ್ತೆಹಚ್ಚಲು ತಗುಲಿದ ವೆಚ್ಚ ಸುಮಾರು 3.12 ಲಕ್ಷ ಡಾಲರ್. ಈ ನಡುವೆ ಮದುವೆ ಪರವಾನಗಿಗಳ ಸಂಖ್ಯೆ ಶೇ 22ಕ್ಕೂ ಹೆಚ್ಚು ಕುಸಿಯಿತು. ಜನ ನೆರೆ ರಾಜ್ಯಗಳಿಗೆ ಹೋಗಿ ಮದುವೆಯಾದರು. 1989ರಲ್ಲಿ ಶಾಸನ ರದ್ದಾಯಿತು. ನಮ್ಮಲ್ಲಿಯೂ ಮದುವೆಗೆ ಮುನ್ನ ಈ ಪರೀಕ್ಷೆ ಕಡ್ಡಾಯವಾಗಬೇಕೆಂದು ಆಗಾಗ ಒತ್ತಾಯಿಸುವ ಸಜ್ಜನರು ಇಲಿನಾಯ್‌ನ ಕಥೆಯನ್ನು ಒಮ್ಮೆ ಓದಬೇಕು.

ಮ್ಯಾನ್ ನೇತೃತ್ವದ ಕಾರ್ಯಕ್ರಮ ಈ ಕೂಗನ್ನು ಎದುರಿಸಿದ ರೀತಿ ಗಮನಾರ್ಹ. 1987ರ ಮಾರ್ಚ್‌ನಲ್ಲಿ ತಜ್ಞರ ಸಭೆ ಕರೆದು, ಅಂತರರಾಷ್ಟ್ರೀಯ ಪ್ರಯಾಣಿಕರ ಪರೀಕ್ಷೆಯಿಂದ ಸೋಂಕು ತಡೆಯಲಾಗದು ಎಂಬ ನಿರ್ಣಯಕ್ಕೆ ಬಂದರು. ಮೇ ತಿಂಗಳಲ್ಲಿ, ಯಾವುದೇ ಸಾಮೂಹಿಕ ಪರೀಕ್ಷೆಗೆ ಮುನ್ನ ಕೇಳಲೇಬೇಕಾದ ಪ್ರಶ್ನೆಗಳನ್ನು ರೂಪಿಸಿದರು. ಪರೀಕ್ಷೆ ಯಾತಕ್ಕಾಗಿ, ಯಾರಿಗಾಗಿ, ಫಲಿತಾಂಶ ಯಾರ ಕೈ ಸೇರುತ್ತದೆ, ಅದು ತಿಳಿದ ಬಳಿಕ ಆ ವ್ಯಕ್ತಿಗೆ ಏನು ಸಿಗುತ್ತದೆ ಎಂಬಂಥ ಸರಳ ಪ್ರಶ್ನೆಗಳು ಅವು. 1988ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನ ಸೋಂಕಿತರ ವಿರುದ್ಧದ ತಾರತಮ್ಯ ಕೂಡದೆಂಬ ಗೊತ್ತುವಳಿಯನ್ನು ಅಂಗೀಕರಿಸಿತು. ಅದೇ ವರ್ಷದ ಡಿಸೆಂಬರ್ 1ರಂದು ಮೊದಲ ವಿಶ್ವ ಏಡ್ಸ್ ದಿನ ಆಚರಣೆಯಾಯಿತು.

ಇದನ್ನು ಕರುಣೆಯ ಮಾತೆಂದು ಮಾತ್ರ ತಿಳಿಯುವುದು ಮ್ಯಾನ್‌ಗೆ ಮಾಡುವ ಅನ್ಯಾಯ. ಅವರದು ರೋಗಶಾಸ್ತ್ರಜ್ಞನ ವ್ಯವಹಾರಜ್ಞಾನ. ಪರೀಕ್ಷೆಯ ಬೆನ್ನಿಗೆ ಶಿಕ್ಷೆ ಬಂದರೆ ಅಪಾಯದಲ್ಲಿರುವವರು ಮೊದಲು ಮಾಡುವ ಕೆಲಸ ಕಣ್ಮರೆಯಾಗುವುದು. ಕಣ್ಮರೆಯಾದವರಿಗೆ ಕಾಂಡೊಮ್ ಕೊಡಲಾಗದು, ಶುದ್ಧ ಸೂಜಿ ತಲುಪಿಸಲಾಗದು, ಅವರಲ್ಲಿ ಸೋಂಕು ಎಷ್ಟಿದೆ ಎಂದು ಎಣಿಸಲೂ ಆಗದು. ಬ್ಯಾಂಕಾಕ್‌ನಲ್ಲಿ ಸೂಜಿಯ ಮೂಲಕ ಮಾದಕ ವಸ್ತು ಸೇವಿಸುವವರಲ್ಲಿ 1988ರ ಆರಂಭಕ್ಕೆ ಶೇ 1ರ ಆಸುಪಾಸಿನಲ್ಲಿದ್ದ ಸೋಂಕು ಅದೇ ವರ್ಷ ಶೇ 40 ದಾಟಿತು. ನಮ್ಮ ಮಣಿಪುರದಲ್ಲಿ 1989ರ ಶರತ್ಕಾಲದವರೆಗೆ ಇಂಥವರಲ್ಲಿ ಒಬ್ಬ ಸೋಂಕಿತನೂ ಕಂಡಿರಲಿಲ್ಲ. ಆರೇ ತಿಂಗಳಲ್ಲಿ ಅರ್ಧದಷ್ಟು ಮಂದಿಗೆ ಅದು ತಗುಲಿತ್ತು. ಇಂಥ ವೇಗದ ಎದುರು ಪೊಲೀಸರ ಲಾಠಿ ಯಾವ ಕೆಲಸಕ್ಕೂ ಬರುವುದಿಲ್ಲ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವೈರಾಣುಗಳೂ ಇದೇ ಸೂಜಿಯ, ಇದೇ ರಕ್ತದ ಹಾದಿಯಲ್ಲಿ ಸಂಚರಿಸುವುದರಿಂದ ಈ ಮಾತು ಏಡ್ಸ್‌ಗೆ ಸೀಮಿತವೂ ಅಲ್ಲ.

ಭಾರತದ ಆರಂಭದ ಅನುಭವ ಮ್ಯಾನ್ ಅವರ ಆತಂಕಕ್ಕೆ ಹಿಡಿದ ಕನ್ನಡಿಯಂತಿದೆ. 1986ರಲ್ಲಿ ಮದ್ರಾಸಿನ ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಸೋಂಕುಗಳನ್ನು ಪತ್ತೆಹಚ್ಚಿದ್ದು ಸರ್ಕಾರಿ ಆಶ್ರಯಧಾಮದಲ್ಲಿ ಇರಿಸಲಾಗಿದ್ದ ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ. ವಿಜ್ಞಾನದ ದೃಷ್ಟಿಯಿಂದ ಅದು ದಿಟ್ಟ ಕೆಲಸ. ಆದರೆ ನಂತರದ ವರ್ಷಗಳಲ್ಲಿ ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಇಂಥ ಹೆಂಗಸರನ್ನು ಅವಧಿ ಮೀರಿ ಕೂಡಿಹಾಕಲಾಯಿತು. ಅವರ ಬಿಡುಗಡೆಗೆ 1990ರಲ್ಲಿ ಮದ್ರಾಸ್ ಹೈಕೋರ್ಟ್‌ ಮಧ್ಯಪ್ರವೇಶಿಸಬೇಕಾಯಿತು. ಗೋವಾದಲ್ಲಿ ಡೊಮಿನಿಕ್ ಡಿಸೋಜ ಎಂಬ ತರುಣ ಆಗಾಗ ರಕ್ತದಾನ ಮಾಡುತ್ತಿದ್ದವನು. ದಾನದ ರಕ್ತದಲ್ಲಿ ಸೋಂಕು ಕಂಡಿತೆಂದು 1989ರಲ್ಲಿ ಪೊಲೀಸರು ಅವನನ್ನು ಕರೆದೊಯ್ದು, ಪಾಳುಬಿದ್ದ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಇಟ್ಟರು. ತನಗೆ ಏನಾಗಿದೆ ಎಂಬುದನ್ನು ಅವನಿಗೆ ಯಾರೂ ಮೊದಲು ಸರಿಯಾಗಿ ಹೇಳಿರಲೂ ಇಲ್ಲ. ಅದಕ್ಕೆ ಅವಕಾಶ ಕೊಟ್ಟದ್ದು ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಂದ ತಿದ್ದುಪಡಿ. ಡೊಮಿನಿಕ್ 1992ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸೋಂಕಿತರಿಗಾಗಿ ಸಂಘಟನೆಯೊಂದನ್ನು ಕಟ್ಟಿದ್ದರು.

ಜಿನೀವಾದಲ್ಲಿ ಮ್ಯಾನ್ ಹೆಚ್ಚು ಕಾಲ ಉಳಿಯಲಿಲ್ಲ. 1988ರಲ್ಲಿ ಮಾಹ್ಲರ್ ನಿವೃತ್ತರಾಗಿ ಜಪಾನಿನ ಹಿರೋಶಿ ನಕಾಜಿಮಾ ಬಂದರು. ಏಡ್ಸ್ ಕಾರ್ಯಕ್ರಮಕ್ಕೆ ಸಿಗುತ್ತಿದ್ದ ಹಣ, ಸ್ವಾತಂತ್ರ್ಯ, ಪ್ರಚಾರ ಇವೆಲ್ಲ ಹೊಸ ಮುಖ್ಯಸ್ಥರಿಗೆ ಹಿಡಿಸಲಿಲ್ಲ. ಮಲೇರಿಯಾ, ಅತಿಸಾರಗಳಿಂದ ಸಾಯುವವರು ಅಷ್ಟೊಂದಿರುವಾಗ ಒಂದೇ ರೋಗಕ್ಕೆ ಇಷ್ಟು ಗಮನವೇಕೆ ಎಂಬ ಪ್ರಶ್ನೆಯಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ನಕಾಜಿಮಾ ಹಿಡಿದದ್ದು ಚರ್ಚೆಯ ದಾರಿಯನ್ನಲ್ಲ, ಅಧಿಕಾರದ ಕಟ್ಟುಪಾಡುಗಳ ದಾರಿಯನ್ನು. 1990ರ ಮಾರ್ಚ್ 16ರಂದು ಮ್ಯಾನ್ ರಾಜೀನಾಮೆ ಕೊಟ್ಟರು. ಒಬ್ಬ ಅಧಿಕಾರಿಯ ನಿರ್ಗಮನ ಅಷ್ಟು ದೊಡ್ಡ ಸುದ್ದಿಯಾದದ್ದು ಆ ಸಂಸ್ಥೆಯ ಚರಿತ್ರೆಯಲ್ಲಿ ವಿರಳ.

ಹಾರ್ವರ್ಡ್‌ಗೆ ಮರಳಿದ ಮೇಲೆ ಅವರ ವಿಚಾರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಕ್ಕುಗಳನ್ನು ಗೌರವಿಸಿದರೆ ರೋಗ ನಿಯಂತ್ರಣ ಸುಲಭ ಎಂಬುದು ಹಿಂದಿನ ವಾದ. ಹಕ್ಕುಗಳ ಅಭಾವವೇ ರೋಗದ ಬೇರು ಎಂಬುದು ಈಗಿನದು. ಆಫ್ರಿಕಾದ ವಿವಾಹಿತ ಹೆಣ್ಣುಮಗಳು ಗಂಡನಿಂದ ಸೋಂಕು ಪಡೆಯುವುದು ಆಕೆಗೆ ಮಾಹಿತಿಯಿಲ್ಲದ್ದಕ್ಕಲ್ಲ, ಇಲ್ಲವೆನ್ನುವ ಸ್ವಾತಂತ್ರ್ಯವಿಲ್ಲದ್ದಕ್ಕೆ. ಆಸ್ತಿ, ವಿಚ್ಛೇದನಗಳ ಹಕ್ಕು ಆಕೆಗೆ ಬರುವವರೆಗೆ ಕರಪತ್ರ ಹಂಚಿ ಫಲವಿಲ್ಲ ಎಂದು ಅವರು ತರ್ಕಿಸಿದರು. 1992ರಲ್ಲಿ ಸಹೋದ್ಯೋಗಿಗಳೊಡನೆ ಸಂಪಾದಿಸಿದ ‘ಏಡ್ಸ್ ಇನ್ ದ ವರ್ಲ್ಡ್’ ಎಂಬ ದೊಡ್ಡ ಗ್ರಂಥ ಜಗತ್ತಿನ ಸೋಂಕಿನ ಅಂಕಿಗಳ ಜೊತೆಗೆ ಈ ದುರ್ಬಲಸ್ಥಿತಿಯನ್ನೂ ಅಳೆಯಲೆತ್ನಿಸಿತು. 1993ರಲ್ಲಿ ಆರೋಗ್ಯ ಮತ್ತು ಮಾನವ ಹಕ್ಕುಗಳ ಕೇಂದ್ರವೊಂದು ಹಾರ್ವರ್ಡ್‌ನಲ್ಲಿ ಅವರ ನಿರ್ದೇಶನದಲ್ಲಿ ತೆರೆಯಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಶಾಲೆಯ ವಿದ್ಯಾರ್ಥಿಗಳಿಗೆ ಪದವಿ ಪತ್ರದ ಜೊತೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಪ್ರತಿಯೊಂದನ್ನು ಕೊಡುವ ಪದ್ಧತಿಯೂ ಬಂತು. 1992ರ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ಬಾಸ್ಟನ್‌ನಲ್ಲಿ ನಡೆಯಬೇಕಿತ್ತು. ಸೋಂಕಿತರಿಗೆ ಪ್ರವೇಶವಿಲ್ಲದ ದೇಶದಲ್ಲಿ ಅದನ್ನು ನಡೆಸಲೊಲ್ಲದೆ ಸಂಘಟಕರು ಆಮ್‌ಸ್ಟರ್‌ಡ್ಯಾಂಗೆ ಒಯ್ದರು. ಅಧ್ಯಕ್ಷತೆ ಮ್ಯಾನ್ ಅವರದು.

1998ರ ಸೆಪ್ಟೆಂಬರ್ 2ರ ರಾತ್ರಿ ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನ ಕೆನಡಾದ ನೋವಾ ಸ್ಕಾಟಿಯಾ ಕರಾವಳಿಯಾಚೆ ಸಮುದ್ರಕ್ಕೆ ಬಿತ್ತು. 229 ಮಂದಿ ಸತ್ತರು. ಮ್ಯಾನ್ ಮತ್ತು ಅವರ ಎರಡನೆಯ ಪತ್ನಿ, ಲಸಿಕೆ ವಿಜ್ಞಾನಿ ಮೇರಿ ಲೂ ಕ್ಲೆಮೆಂಟ್ಸ್ ಅದರಲ್ಲಿದ್ದರು. ಏಡ್ಸ್‌ಗೆ ಸಂಬಂಧಿಸಿದ ಸಭೆಗಳಿಗೆಂದೇ ಅವರಿಬ್ಬರೂ ಹೊರಟಿದ್ದರು. ಮ್ಯಾನ್‌ಗೆ ಆಗ 51 ವರ್ಷ.

ಅವರ ನಂತರ ವಾದ ನಿಲ್ಲಲಿಲ್ಲ, ದಿಕ್ಕು ಬದಲಿಸಿತು. 1996ರ ಹೊತ್ತಿಗೆ ಸಂಯುಕ್ತ ಔಷಧಿ ಚಿಕಿತ್ಸೆ ಬಂದಿತ್ತು. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಆ ಔಷಧಿಯನ್ನು ಒದಗಿಸುವುದಾಗಿ ಘೋಷಿಸಿತು. 2004ರ ಏಪ್ರಿಲ್‌ನಿಂದ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿ ಸಿಗತೊಡಗಿತು. ಔಷಧಿಯೇ ಇಲ್ಲದಾಗ ಪರೀಕ್ಷೆ ಎಂದರೆ ಬರಿಯ ತೀರ್ಪು. ಔಷಧಿ ಇರುವಾಗ ಅದು ಚಿಕಿತ್ಸೆಯ ಹೆಬ್ಬಾಗಿಲು. ಹಕ್ಕುಗಳ ಹೆಸರಿನಲ್ಲಿ ಪರೀಕ್ಷೆಗೆ ಹಾಕಿದ ಅತಿಯಾದ ಕಟ್ಟುಪಾಡು ಆಫ್ರಿಕಾದಲ್ಲಿ ಜೀವಗಳನ್ನೇ ಬಲಿಗೊಟ್ಟಿತು ಎಂದು ಕೆವಿನ್ ಡಿ ಕಾಕ್‌ರಂಥ ಹಿರಿಯ ರೋಗಶಾಸ್ತ್ರಜ್ಞರು 2002ರಲ್ಲಿ ಬರೆದರು. 2004ರಲ್ಲಿ ಬೋಟ್ಸ್‌ವಾನಾ, ಬೇಡವೆನ್ನದ ಹೊರತು ಆಸ್ಪತ್ರೆಗೆ ಬಂದವರೆಲ್ಲರಿಗೂ ಪರೀಕ್ಷೆ ಎಂಬ ಪದ್ಧತಿ ತಂದಿತು. ಕ್ಯೂಬಾದಲ್ಲಿ ಸೋಂಕು ಬಹಳ ಕಡಿಮೆ ಉಳಿಯಿತೆಂಬುದನ್ನೂ ವಿಮರ್ಶಕರು ಎತ್ತಿ ತೋರಿಸುತ್ತಾರೆ. ಈ ಟೀಕೆಯಲ್ಲಿ ಸತ್ಯಾಂಶವಿದೆ. ಆದರೆ ಮ್ಯಾನ್ 1987ರಲ್ಲಿ ಕೇಳಿದ್ದು ಪರೀಕ್ಷೆ ಬೇಕೋ ಬೇಡವೋ ಎಂದಲ್ಲ. ಫಲಿತಾಂಶ ತಿಳಿದ ಬಳಿಕ ಆ ವ್ಯಕ್ತಿಗೆ ಸಿಗುವುದೇನು ಎಂದು. ಔಷಧಿಯಿಲ್ಲದ ಕಾಲದ ಉತ್ತರ ಬೇರೆ, ಔಷಧಿಯ ಕಾಲದ ಉತ್ತರ ಬೇರೆ. ಪ್ರಶ್ನೆ ಅದೇ.

ಎಣಿಕೆಯ ವಿಷಯದಲ್ಲೂ ಭಾರತಕ್ಕೆ ಒಂದು ಪಾಠ ಕಾದಿತ್ತು. ಗರ್ಭಿಣಿಯರ ಮತ್ತು ಹೆಚ್ಚು ಅಪಾಯದಲ್ಲಿರುವ ಗುಂಪುಗಳ ಪರೀಕ್ಷೆಯನ್ನು ಆಧರಿಸಿ 2006ರವರೆಗೆ ದೇಶದಲ್ಲಿ ಸುಮಾರು 52 ಲಕ್ಷ ಸೋಂಕಿತರಿದ್ದಾರೆಂದು ಅಂದಾಜಿಸಲಾಗಿತ್ತು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಜನರ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಒಂದು ಲಕ್ಷಕ್ಕೂ ಹೆಚ್ಚು ಸಾಮಾನ್ಯರ ರಕ್ತವನ್ನು ಪರೀಕ್ಷಿಸಿತು. ವಯಸ್ಕರಲ್ಲಿ ಸೋಂಕು ಶೇ 0.28 ಎಂದು ಕಂಡಿತು. ಕರ್ನಾಟಕದಲ್ಲಿ ಶೇ 0.69. 2007ರಲ್ಲಿ ದೇಶದ ಅಂದಾಜು 25 ಲಕ್ಷಕ್ಕೆ ಇಳಿಯಿತು. ಕಿನ್ಶಾಸಾದ ಆಸ್ಪತ್ರೆಯಲ್ಲಿ ಗುಮಾಸ್ತರನ್ನೂ ಸೇರಿಸಿ ಎಣಿಸಿದ ಮ್ಯಾನ್‌ಗೆ ಈ ವ್ಯತ್ಯಾಸ ಅಚ್ಚರಿ ತರುತ್ತಿರಲಿಲ್ಲ.

ಒಪ್ಪಿಗೆಯಿಲ್ಲದ ಪರೀಕ್ಷೆಯನ್ನು ನಿಷೇಧಿಸುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯನ್ನು ನಮ್ಮ ಸಂಸತ್ತು 2017ರಲ್ಲಿ ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಂದು ಅದು ಜಾರಿಗೆ ಬಂತು. ಅಮೆರಿಕ ತನ್ನ ಪ್ರವೇಶ ನಿರ್ಬಂಧವನ್ನು 2010ರ ಜನವರಿಯಲ್ಲಿ ತೆಗೆದುಹಾಕಿತು. ಬಾಸ್ಟನ್‌ನಿಂದ ಎತ್ತಂಗಡಿಯಾಗಿದ್ದ ಸಮ್ಮೇಳನ ಎರಡು ವರ್ಷಗಳ ಬಳಿಕ, 2012ರ ಜುಲೈನಲ್ಲಿ, ವಾಷಿಂಗ್ಟನ್ನಿನಲ್ಲಿ ನಡೆಯಿತು. ಅದು ಆ ದೇಶಕ್ಕೆ ಹಿಂದಿರುಗಲು 22 ವರ್ಷ ಹಿಡಿದಿತ್ತು.